ಹಿಂದಿನ ಸೀಟಿಗೆ ಬಾಗಿಲಿಲ್ಲ

ಎರಡು ಗಾಡಿಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತಿರುಗಿ ತೂರಿಕೊಳ್ಳಬಹುದಾದಷ್ಟೇ ಜಾಗವಿತ್ತು. ಬಕೆಟ್ಟು ಕೆಳಗಿಟ್ಟು ಒದ್ದೆ ಬಟ್ಟೆ ಹಿಂಡುತ್ತ ಅವನು ಅಲ್ಲಿ ನಿಂತಾಗ ಬೆನ್ನು ಹಳೆಯದಕ್ಕೆ ಒರಗುತ್ತಿತ್ತು; ಹೊಟ್ಟೆ ಹೊಸದಕ್ಕೆ ತಾಗದಿರಲೆಂದು ಉಸಿರು ಒಳಗೆಳೆದುಕೊಳ್ಳಬೇಕಾಗುತ್ತಿತ್ತು. ಮೊನ್ನೆ ಹೊಸದು ಬಂದ ದಿನ ಹೀಗೇ ನಿಂತು ಒರೆಸುತ್ತಿದ್ದಾಗ ಅದರ ಒಡತಿ ಮರಿ ಬಂದು ಅವನ ಸೊಂಟದ ಕಡೆ ಒಂದು ಸಲ ನೋಡಿ ಒಳಗೆ ಹೋಗಿದ್ದಳು. ಏನು ನೋಡಿದಳೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: ಬೆಲ್ಟಿನ ಬಕಲ್ಲು. ಅಂದಿನಿಂದ ಬಕಲ್ಲು ಬೆನ್ನ ಕಡೆ ಬರುವ ಹಾಗೆ ಬೆಲ್ಟು ತಿರುಗಿಸಿ ಕಟ್ಟಿಕೊಂಡು ಒರೆಸುತ್ತಿದ್ದ. ಈಗ ಅದು ಹಳೆಯದರ ಬಾಗಿಲಿಗೆ ಕರಕರ ಉಜ್ಜುತ್ತಿತ್ತು. ಉಜ್ಜಲಿ. ಇಪ್ಪತ್ತೆಂಟು ವರ್ಷದ ಆ ಫೋರ್‌ವೀಲ್ ಗಾಡಿಯ ಮೈಮೇಲೆ ಗೀರು ಬೀಳಲು ಜಾಗವೇ ಉಳಿದಿರಲಿಲ್ಲ. ಮುಳ್ಳುಕಂಟಿ ಗೀರಿದ್ದು, ಆಡಿನ ಹಿಂಡು ಒರೆಸಿಕೊಂಡು ಹೋದದ್ದು, ಬಂಡೆ ಸವರಿದ್ದು, ಒಂದೊಂದರ ವಯಸ್ಸೂ ಅವನಿಗೆ ಗೊತ್ತಿತ್ತು. ಹೊಸದು ಎರಡೇ ಬಾಗಿಲಿನ ಕೂಪೆ, ನೆಲಕ್ಕೆ ಅಂಟಿಕೊಂಡಿತ್ತು, ಕಪ್ಪೋ ನೀಲಿಯೋ ಹೇಳಲಾಗದ ಬಣ್ಣ. ಅದರ ಬಾಗಿಲಲ್ಲಿ ಅವನ ಮುಖ ಅಡ್ಡಕ್ಕೆ ಹಿಗ್ಗಿ, ಗಲ್ಲ ಮಾಯವಾಗಿ ಕಾಣುತ್ತಿತ್ತು. ಹಳೆಯದರಲ್ಲಿ ಮುಖ ನೋಡಿಕೊಂಡ ನೆನಪೇ ಅವನಿಗಿರಲಿಲ್ಲ. ಹನ್ನೆರಡು ಗಂಟೆಗೆ ಗುಜರಿಯವರು ಅದನ್ನು ಎಳೆದುಕೊಂಡು ಹೋಗಲು ಬರುವವರಿದ್ದರು.

ಹಳೆಯದಕ್ಕೆ ಎಮ್ಮೆ ಎಂದು ಹೆಸರಿಟ್ಟವಳು ಮರಿ. ಮರಿ ಡಾಕ್ಟರಮ್ಮನ ಒಬ್ಬಳೇ ಮಗಳು; ಅವಳಿಗೆ ಮರಿ ಎಂದು ಹೆಸರಿಟ್ಟವನು ಡಾಕ್ಟರಮ್ಮನ ಡ್ರೈವರಾದ ಇವನು. ಐದು ವರ್ಷದ ಹುಡುಗಿ, ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಗಾಡಿಯ ಹಿಂಭಾಗದ ಅಡ್ಡಬೆಂಚಿನ ಮೇಲೆ ಔಷಧಿ ಪೆಟ್ಟಿಗೆಗಳ ನಡುವೆ ಕೂತು ಬೆಟ್ಟದ ಊರುಗಳಿಗೆಲ್ಲ ಬರುತ್ತಿದ್ದಳು. ಅಲ್ಲೇ ಹೋಂವರ್ಕು, ಅಲ್ಲೇ ನಿದ್ದೆ. ಗಾಡಿ ಗುಂಡಿಗಿಳಿದು ಎದ್ದಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರ ಗೆರೆ ದಾಟಿ ಹಾರುತ್ತಿತ್ತು. ಟೀಚರು ಗದರಿದರೆ "ನಮ್ಮ ಎಮ್ಮೆ ಕುಣೀತು ಮಿಸ್" ಅಂದಿದ್ದಳಂತೆ. ಆ ಹುಡುಗಿ ಈಗ ಹಲ್ಲಿನ ಡಾಕ್ಟರು. ಒಂದು ದಿನ ಅವಳು ಮನೆಯಲ್ಲಿ ಮರೆತ ಕನ್ನಡಕ ಕೊಡಲು ಕ್ಲಿನಿಕ್ಕಿಗೆ ಹೋದವನು, ಕಾಯುತ್ತ ಕೂತವರೆಲ್ಲರ ಮುಂದೆ "ಮರಿ" ಎಂದು ಕರೆದುಬಿಟ್ಟಿದ್ದ. ಕೌಂಟರಿನ ಹೆಂಗಸು ಫಕ್ಕನೆ ನಕ್ಕಳು. ಮರಿ ನಗಲಿಲ್ಲ, ಗದರಲೂ ಇಲ್ಲ. ಕನ್ನಡಕ ತೆಗೆದುಕೊಂಡು "ಥ್ಯಾಂಕ್ಸ್" ಅಂದಳು. ಅವಳು ಅವನಿಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಅಂದಿನಿಂದ ಅವನು ಮೇಡಂ ಎನ್ನತೊಡಗಿದ. ಮೊದಲ ಸಲ ಅಂದಾಗ "ಏನ್ ಮಾಮ ಇದು, ಮೇಡಂ ಗೀಡಂ ಅಂತ" ಅಂದಳು. ಎರಡನೆಯ ಸಲ ಏನೂ ಅನ್ನಲಿಲ್ಲ. ಅವಳು ಇನ್ನೊಂದು ಸಲ ಆಕ್ಷೇಪಿಸಲೆಂದು ಅವನು ಎಷ್ಟೋ ದಿನ ಬೇಕೆಂದೇ, ಸ್ವಲ್ಪ ಗಟ್ಟಿಯಾಗಿಯೇ, ಮೇಡಂ ಮೇಡಂ ಎನ್ನುತ್ತ ಕಾದಿದ್ದ.

ಒಳಗಿನಿಂದ ವಾಕರಿನ ಸದ್ದು ಟಕ್, ಟಕ್ ಎಂದು ಹತ್ತಿರವಾಯಿತು. ಡಾಕ್ಟರಮ್ಮ ನಿವೃತ್ತರಾಗಿ ಒಂಬತ್ತು ವರ್ಷ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಹೊರಗೆ ಹೋಗುವುದೇ ಅಪರೂಪ. ಅವನಿಗೆ ಮಾಡಲು ಅಂಥ ಕೆಲಸವೇನೂ ಉಳಿದಿರಲಿಲ್ಲ. ಆದರೂ ಎಂಟು ಗಂಟೆಗೆ ಬರುತ್ತಿದ್ದ, ಎಮ್ಮೆಯನ್ನು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಗುರುಗುಟ್ಟಿಸುತ್ತಿದ್ದ, ಪೇಪರು ತಂದುಕೊಡುತ್ತಿದ್ದ, ಗಿಡಕ್ಕೆ ನೀರು ಬಿಡುತ್ತಿದ್ದ. ಹೀಗೇ ಹೋದ ವಾರ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಾಗ ಬೆಟ್ಟದಾಚೆಯ ಆರೋಗ್ಯ ಕೇಂದ್ರದ ನರ್ಸಮ್ಮ ಡಾಕ್ಟರಮ್ಮನ ಮುಂದೆ ಕೂತಿದ್ದರು. ನರ್ಸಮ್ಮನ ಚಪ್ಪಲಿಯ ಅಂಚಿಗೆ ಅವನಿಗೆ ಚೆನ್ನಾಗಿ ಪರಿಚಯವಿದ್ದ ಕೆಂಪು ಮಣ್ಣು ಮೆತ್ತಿತ್ತು.

"ನಿಮ್ಮ ಗಾಡಿ ಸುಮ್ನೆ ನಿಂತಿದೆ ಅಂತ ಗೊತ್ತಾಯ್ತು ಡಾಕ್ಟ್ರೇ. ನಮಗೆ ಕೊಟ್ಬಿಡಿ. ಮೇಲಿನ ಊರುಗಳಿಗೆ ಇವತ್ತಿಗೂ ನಾವು ನಡ್ಕೊಂಡೇ ಹೋಗೋದು, ಲಸಿಕೆ ಡಬ್ಬ ತಲೆ ಮೇಲೆ ಇಟ್ಕೊಂಡು."

"ಕೊಡೋದಕ್ಕೇನಮ್ಮ. ಆದ್ರೆ ಅದು ಕೈಕೊಡೋ ಗಾಡಿ. ನನಗೇ ಕೊಟ್ಟಿದೆ. ಹೊಳೆ ದಡದಲ್ಲೇ ಕೈಕೊಡ್ತು, ಅದು ನಮ್ಮ ಪುಣ್ಯ. ನಾಳೆ ನಿಮ್ಮನ್ನ ನೀರಿನ ನಡುವೆ ನಿಲ್ಸಿದ್ರೆ ಯಾರು ಹೊಣೆ? ಬೇಡ. ಗುಜರಿಗೆ ಹಾಕ್ತೀನಿ." ಅಷ್ಟು ಹೇಳಿ ಡಾಕ್ಟರಮ್ಮ ಬಾಗಿಲ ಕಡೆ ತಿರುಗಿದ್ದರು. "ಅಲ್ವೇನಪ್ಪಾ? ನೀನೇ ಹೇಳು."

ಅವನು ನಿಂತಲ್ಲಿಂದಲೇ "ಹೌದಮ್ಮ" ಎಂದಿದ್ದ.

ಆ "ಹೌದಮ್ಮ" ಒಂದು ವಾರದಿಂದ ಅವನ ಬಾಯಲ್ಲೇ ಇತ್ತು, ಉಗಿಯಲೂ ಆಗದೆ ನುಂಗಲೂ ಆಗದೆ. ಹತ್ತೊಂಬತ್ತು ವರ್ಷದ ಹಿಂದೆ ಹೊಳೆ ದಡದಲ್ಲಿ ಹೇಳಿದ್ದು ಒಂದು ಗಳಿಗೆಯಲ್ಲಿ, ಮಳೆಯಲ್ಲಿ ಹೇಳಿದ ಮಾತು. ಅದಕ್ಕೆ ಏನಾದರೂ ಒಂದು ಸಬೂಬು ಇತ್ತು. ಇದಕ್ಕೆ ಏನಿತ್ತು? ಒಣಗಿದ ನೆಲದ ಮೇಲೆ, ಫ್ಯಾನಿನ ಕೆಳಗೆ, ಕಾಫಿ ತಟ್ಟೆ ಹಿಡಿದುಕೊಂಡು.

ಮರಿ ಕೀಲಿಕೈ ಕುಣಿಸುತ್ತ ಹೊರಗೆ ಬಂದಳು. ಕೀಲಿಕೈ ಎಂದರೆ ಹಲ್ಲೇ ಇಲ್ಲದ, ಬೆಣಚುಕಲ್ಲಿನಷ್ಟು ನುಣ್ಣನೆಯ ವಸ್ತು. "ಗುಜರಿಯವರು ಬರೋಷ್ಟರಲ್ಲಿ ಒಂದು ಸುತ್ತು ಹೋಗಿ ಬರೋಣ ಅಮ್ಮ. ನೀನು ಇನ್ನೂ ಕೂತೇ ಇಲ್ಲ ಇದ್ರಲ್ಲಿ. ಮಾಮ, ನೀನೂ ಬಾ. ಅಮ್ಮನ್ನ ಹತ್ಸಿ ಇಳ್ಸೋಕೆ ಬೇಕಲ್ಲ."

ಹಿಂದಿನ ಸೀಟಿಗೆ ಬೇರೆ ಬಾಗಿಲಿರಲಿಲ್ಲ. ಮುಂದಿನ ಸೀಟಿನ ಭುಜದ ಮೇಲಿನ ಗುಂಡಿ ಒತ್ತಿದರೆ ಅದು ತಾನಾಗಿಯೇ ಮೆಲ್ಲಗೆ ಬಾಗಿ ಮುಂದೆ ಸರಿಯುತ್ತಿತ್ತು, ದೊಡ್ಡ ಮನುಷ್ಯರು ದಾರಿ ಬಿಡುವ ಹಾಗೆ. ಮೊದಲು ಅವನೇ ಒಳಗೆ ಹೋಗಬೇಕು. ಡಾಕ್ಟರಮ್ಮ ಕೂತ ಮೇಲೆ ದಾರಿಯಿಲ್ಲ. ಆದರೆ ಡಾಕ್ಟರಮ್ಮನನ್ನು ಕೂರಿಸಲೂ ಅವನೇ ಬೇಕು. ಸ್ವಲ್ಪ ಹೊತ್ತು ಮೂವರೂ ಈ ಒಗಟನ್ನು ನೋಡುತ್ತ ನಿಂತರು. ಕೊನೆಗೆ ಡಾಕ್ಟರಮ್ಮನನ್ನು ಅವನೇ ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಇಳಿಸಿದ. "ಇದೇನೇ ಇದು, ಹತ್ತೋದಲ್ಲ, ಬಾವಿಗೆ ಇಳಿದ ಹಾಗಿದೆ" ಎಂದರು ಅವರು. ಆಮೇಲೆ ಮರಿಯ ಕಡೆಯ ಸೀಟು ಬಾಗಿಸಿ ಅವನು ತಲೆ ಮೊದಲು, ಕಾಲು ಆಮೇಲೆ, ತೆವಳಿ ಹಿಂದಕ್ಕೆ ಸೇರಿಕೊಂಡ. ತೆವಳುವ ಮೊದಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದ. "ಹಾಕ್ಕೋ ಮಾಮ, ಪರವಾಗಿಲ್ಲ" ಅಂದಳು ಮರಿ. ಆದರೆ ಅನ್ನುವ ಮೊದಲು ಚಪ್ಪಲಿಯ ಕಡೆ ನೋಡಿದ್ದಳು. ಅವನು ಹಾಕಿಕೊಳ್ಳಲಿಲ್ಲ. ಮೊಣಕಾಲು ಎದೆಗೆ ತಾಗುವ ಹಾಗೆ, ತಲೆ ಗಾಜಿಗೆ ತಾಗದಿರಲೆಂದು ಕತ್ತು ಒಂದು ಕಡೆ ಓರೆ ಮಾಡಿ, ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ, ಒಂದು ಗೇಣು ದೂರದಲ್ಲಿ, ಡಾಕ್ಟರಮ್ಮನ ತಲೆಯ ಹಿಂಭಾಗ. ಅಲ್ಲಿ ಕೂದಲು ಇಷ್ಟು ತೆಳುವಾಗಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಅವರು ಯಾವಾಗಲೂ ಪಕ್ಕದಲ್ಲಿ ಕೂತವರು. ಅವನು ನೋಡಿದ್ದು ಅವರ ಒಂದು ಕೆನ್ನೆ, ಒಂದು ಕಿವಿ, ಮಡಿಲಲ್ಲಿಟ್ಟ ಎರಡು ಕೈ.

ಗೇಟಿನ ಉಬ್ಬು ದಾಟುವಾಗ ಕೆಳಗೆ ಏನೋ ಸರಕ್ಕೆಂದಿತು. ಮರಿ ಹಲ್ಲು ಕಚ್ಚಿದಳು. ಆಮೇಲೆ ರಸ್ತೆ ನುಣುಪಾಯಿತು, ಸದ್ದು ಅಡಗಿತು. ಎಷ್ಟು ಅಡಗಿತೆಂದರೆ ಡಾಕ್ಟರಮ್ಮನ ಕೈಗಡಿಯಾರ ಟಿಕ್‌ಟಿಕ್ ಎನ್ನುವುದು ಅವನಿಗೆ ಕೇಳಿಸುತ್ತಿತ್ತು.

"ಎಂಜಿನ್ ಓಡ್ತಿದೆಯೇನೇ?" ಎಂದರು ಡಾಕ್ಟರಮ್ಮ.

"ಶಬ್ದ ಬೇಕಾದ್ರೆ ಹಾಕ್ಬಹುದು ನೋಡು." ಮರಿ ಏನೋ ಒತ್ತಿದಳು, ಹುಲಿ ಮಲಗಿದ್ದಲ್ಲಿಂದಲೇ ಗುಟುರು ಹಾಕಿದ ಹಾಗೆ ಸದ್ದಾಯಿತು. "ಇದು ಸ್ಪೀಕರಿಂದ ಬರೋದು. ಸುಮ್ನೆ, ಖುಷಿಗೆ."

"ಗುಡುಗೋದಕ್ಕೂ ಗುಂಡಿನಾ! ನಮ್ಮ ಎಮ್ಮೆಗೆ ಶಬ್ದ ಕಮ್ಮಿ ಮಾಡೋ ಗುಂಡಿ ಇದ್ದಿದ್ರೆ ನನ್ನ ಕಿವಿ ಇನ್ನೊಂದು ಹತ್ತು ವರ್ಷ ಬರ್ತಿತ್ತು."

ಮೂವರೂ ನಕ್ಕರು. ನಗು ಮುಗಿದ ಮೇಲೆ ಮತ್ತೆ ಆ ಮೌನ. ಎಮ್ಮೆಯಲ್ಲಿ ಅವನೂ ಡಾಕ್ಟರಮ್ಮನೂ ಮಾತಾಡಿದ್ದೆಲ್ಲ ಕೂಗಿಯೇ. ಮನೆಗೆ ಬಂದ ಮೇಲೂ ಅವನು ಹತ್ತು ನಿಮಿಷ ಹಾಗೇ ಕೂಗಿ ಮಾತಾಡುತ್ತಾನೆಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಡೀಸೆಲ್ಲು, ಸ್ಪಿರಿಟ್ಟು, ಒದ್ದೆ ಉಣ್ಣೆ, ಕಿತ್ತಳೆ ಸಿಪ್ಪೆ. ಇಷ್ಟೂ ಸೇರಿದರೆ ಎಮ್ಮೆಯ ವಾಸನೆ. ಡಾಕ್ಟರಮ್ಮನ ಚೀಲದಲ್ಲಿ ಯಾವಾಗಲೂ ಎರಡು ಕಿತ್ತಳೆ ಇರುತ್ತಿದ್ದವು. ಅವನ ಎರಡೂ ಕೈ ಸ್ಟೀರಿಂಗಿನ ಮೇಲಿರುತ್ತಿದ್ದುದರಿಂದ ಅವರು ಸಿಪ್ಪೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಅವನ ಅಂಗೈಗೆ ಇಡುತ್ತಿದ್ದರು. ತಿರುವು ಬಂದಾಗ ತಡೆದು, ತಿರುವು ಕಳೆದ ಮೇಲೆ ಇಡುತ್ತಿದ್ದರು. ಏರು ಬಂದಾಗ ಡ್ಯಾಶ್‌ಬೋರ್ಡು ತಟ್ಟಿ "ಏಳು ತಾಯಿ, ಇದೊಂದೇ ಏರು" ಎಂದು ಗಾಡಿಗೆ ಸುಳ್ಳು ಹೇಳುತ್ತಿದ್ದರು. ಹಿಂದಿನಿಂದ ಮರಿ "ಇನ್ನೂ ನಾಲ್ಕು ಇದೆ ಅಮ್ಮ" ಎಂದು ಕೂಗುತ್ತಿದ್ದಳು. ಹೆರಿಗೆ ಸಲೀಸಾಗಿ ಆದ ದಿನ ವಾಪಸ್ ಬರುವಾಗ ಡಾಕ್ಟರಮ್ಮ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಆಗ ಅವನು ರಸ್ತೆಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ತಪ್ಪಿಸುತ್ತ, ಮಗುವಿರುವ ತೊಟ್ಟಿಲನ್ನು ಒಯ್ಯುವವನ ಹಾಗೆ ಓಡಿಸುತ್ತಿದ್ದ. ಬದುಕಿನಲ್ಲಿ ತಾನು ಒಬ್ಬ ಒಳ್ಳೆಯ ಮನುಷ್ಯ ಅಂತ ಅನ್ನಿಸಿದ್ದು ಆ ಗಂಟೆಗಳಲ್ಲಿ ಮಾತ್ರ.

"ಮಾಮ, ನಿಜ ಹೇಳು" ಎಂದಳು ಮರಿ ಕನ್ನಡಿಯಲ್ಲಿ ಅವನ ಮುಖ ಹುಡುಕುತ್ತ. "ಯಾವ್ದು ಒಳ್ಳೇದು? ಎಮ್ಮೆನೋ ಇದೋ? ನನಗೆ ಬೇಜಾರಾಗಲ್ಲ, ಹೇಳು."

ಅವನು ಏನಾದರೂ ಚಂದದ್ದು ಹೇಳಬೇಕೆಂದು ಹುಡುಕುತ್ತಿದ್ದಾಗ ಡಾಕ್ಟರಮ್ಮನೇ ಉತ್ತರ ಕೊಟ್ಟರು. "ಅವನನ್ನೇನು ಕೇಳ್ತೀಯ. ಹೆತ್ತವರಿಗೆ ಹೆಗ್ಗಣ ಮುದ್ದು. ಎಮ್ಮೆ ಒಳ್ಳೇದೇ ಕಣೇ. ಅಷ್ಟು ವರ್ಷದಲ್ಲಿ ಒಂದೇ ಸಲ ಕೈಕೊಟ್ಟಿದ್ದು. ಆದ್ರೆ ಆ ಒಂದು ಸಲ..." ಮಡಿಲಲ್ಲಿದ್ದ ಅವರ ಕೈ ಒಂದನ್ನೊಂದು ಹಿಡಿದುಕೊಂಡಿದ್ದು ಎರಡು ಸೀಟುಗಳ ಸಂದಿಯಿಂದ ಅವನಿಗೆ ಕಂಡಿತು.

ಎಮ್ಮೆಯ ನಾಲ್ಕೂ ಚಕ್ರಕ್ಕೆ ಬಲ ಸಿಗಬೇಕಾದರೆ ಡ್ರೈವರು ಕೆಳಗಿಳಿದು ಮುಂದಿನ ಎರಡೂ ಚಕ್ರಗಳಲ್ಲಿ ಒಂದೊಂದರ ನಡುಮಧ್ಯದ ಗುಂಡನೆಯ ಬಿರಡೆಯನ್ನು ಕೈಯಾರೆ ತಿರುಗಿಸಬೇಕಿತ್ತು. ಆಮೇಲೆ ಒಳಗೆ ಬಂದು ಚಿಕ್ಕ ಗೇರನ್ನು ಎಳೆಯಬೇಕಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಕಲ್ಲುಕ್ವಾರಿಯ ಕೆಲಸಗಾರನೊಬ್ಬನ ಹೆಂಡತಿಗೆ ಬೆಳಗಿನಿಂದ ನೋವು, ಮಗು ಅಡ್ಡಲಾಗಿದೆ ಎಂದು ಸುದ್ದಿ ಬಂದಿತ್ತು. ಹೊಳೆ ಅವನು ಎಂದೂ ನೋಡದಷ್ಟು ಏರಿತ್ತು. ನೀರು ಕಂದಾಗಿ, ದಪ್ಪಗೆ, ಸದ್ದೇ ಇಲ್ಲದೆ ಹರಿಯುತ್ತಿತ್ತು. ಬೇರುಸಹಿತ ಒಂದು ಮರ ಅವರ ಕಣ್ಣೆದುರೇ ಉರುಳಿಕೊಂಡು ಹೋಯಿತು. "ಫೋರ್‌ವೀಲ್ ಹಾಕು, ದಾಟಿಬಿಡೋಣ" ಎಂದರು ಡಾಕ್ಟರಮ್ಮ, ಪೆಟ್ಟಿಗೆಯನ್ನು ಮಡಿಲಿಗೆ ಎತ್ತಿಕೊಳ್ಳುತ್ತ. ಅವರು ಹೊಳೆಯನ್ನು ನೋಡಿಯೇ ಇರಲಿಲ್ಲ. ಅವರ ಕಣ್ಣು ಆಚೆ ದಡದಲ್ಲಿತ್ತು. ಅವನು ಇಳಿದ. ಮೊದಲ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಿರಡೆಯ ಮೇಲೆ ಬೆರಳಿಟ್ಟ. ಹೆಂಡತಿಗೆ ಆಗ ಎಂಟು ತಿಂಗಳು. ಆಮೇಲೆ ಎಷ್ಟೋ ಸಲ ಅದಕ್ಕೇ ಹೆದರಿದೆ ಎಂದು ತನಗೇ ಹೇಳಿಕೊಂಡಿದ್ದಾನೆ. ಆದರೆ ಆ ಗಳಿಗೆಯಲ್ಲಿ ಹೆಂಡತಿಯ ನೆನಪೂ ಇರಲಿಲ್ಲ, ಏನೂ ಇರಲಿಲ್ಲ. ಬೆರಳುಗಳು ತಿರುಗಿಸಲಿಲ್ಲ, ಅಷ್ಟೇ. ಎದ್ದು ಇನ್ನೊಂದು ಚಕ್ರದ ಹತ್ತಿರ ಹೋಗಿ ಅಲ್ಲಿಯೂ ಅಷ್ಟೇ ಹೊತ್ತು ಕೂತ. ಅಷ್ಟೇ ಹೊತ್ತು ಕೂರಬೇಕೆಂದು ಲೆಕ್ಕ ಹಾಕುವಷ್ಟು ಬುದ್ಧಿ ಆಗಲೂ ನೆಟ್ಟಗಿತ್ತು, ಅದನ್ನೇ ಅವನು ಎಂದೂ ಮರೆಯಲಾರ. ಒಳಗೆ ಬಂದು ಚಿಕ್ಕ ಗೇರನ್ನು ಎರಡು ಸಲ ಜಗ್ಗಿ, "ಹಿಡೀತಿಲ್ಲಮ್ಮ. ಫೋರ್‌ವೀಲ್ ಹಿಡೀತಿಲ್ಲ" ಅಂದ. ದೂರದ ಸೇತುವೆ ಸುತ್ತಿ ಹೋಗುವಷ್ಟರಲ್ಲಿ ಎರಡೂವರೆ ಗಂಟೆ. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಹೊರಗೆ ಬಂದ ಡಾಕ್ಟರಮ್ಮ ಎಮ್ಮೆಯ ಮೂತಿಗೆ ಅಂಗೈಯಿಂದ ಪಟ್ಟೆಂದು ಹೊಡೆದು, "ಇವತ್ತೇ ಬೇಕಿತ್ತಾ ನಿನಗೆ? ಇವತ್ತೇ ಬೇಕಿತ್ತಾ?" ಎಂದು ಅತ್ತಿದ್ದರು. ಮಾರನೆಯ ದಿನ ಮೆಕ್ಯಾನಿಕ್ಕು ಎರಡೂ ಬಿರಡೆ ತಿರುಗಿಸಿ ನೋಡಿ, "ಏನಾಗಿದೆ ಇದಕ್ಕೆ? ಬೆಣ್ಣೆ ಥರ ತಿರುಗ್ತಿದೆಯಲ್ಲ" ಅಂದ. "ಆದ್ರೂ ಬದಲಾಯ್ಸಿಬಿಡು" ಎಂದ ಇವನು. ಮೆಕ್ಯಾನಿಕ್ಕು ಅವನ ಮುಖ ಒಂದು ಸಲ ನೋಡಿ, ಮತ್ತೆ ಯಾವತ್ತೂ ಆ ಮಾತೆತ್ತಲಿಲ್ಲ. ಮುಂದಿನ ತಿಂಗಳು ಇವನಿಗೆ ಮಗಳು ಹುಟ್ಟಿದಳು. ಅವಳ ಪ್ರತಿ ವಯಸ್ಸಿನಲ್ಲೂ, ಹಲ್ಲು ಬಿದ್ದಾಗ, ಸೈಕಲ್ಲು ಕಲಿತಾಗ, ಉಳಿಯದೆ ಹೋದ ಆ ಮಗುವೂ ಅವಳ ಪಕ್ಕದಲ್ಲೇ ಅವನ ಮನಸ್ಸಿನಲ್ಲಿ ಬೆಳೆಯುತ್ತ ಬಂತು.

"ಎಮ್ಮೆ ಕೈಕೊಡ್ಲಿಲ್ಲಮ್ಮ" ಎಂದ ಅವನು.

ಎಮ್ಮೆಯಲ್ಲಾಗಿದ್ದರೆ ಆ ಮಾತು ಗದ್ದಲದಲ್ಲಿ ಕಳೆದುಹೋಗುತ್ತಿತ್ತು, ಅವರು "ಏನಂದೆ?" ಎನ್ನುತ್ತಿದ್ದರು, ಅವನು "ಏನಿಲ್ಲ" ಎಂದುಬಿಡುತ್ತಿದ್ದ. ಇಲ್ಲಿ ಅದು ಸ್ಪಷ್ಟವಾಗಿ ಕೇಳಿತು.

"ಅವತ್ತು ಹೊಳೆ ಹತ್ರ ನಾನು ತಿರುಗಿಸ್ಲೇ ಇಲ್ಲ. ಸುಮ್ನೆ ಚಕ್ರದ ಮುಂದೆ ಕೂತು ಎದ್ದೆ. ನನಗೆ ನೀರು ನೋಡಿ ಹೆದರಿಕೆಯಾಗಿತ್ತು. ಗಾಡಿ ಚೆನ್ನಾಗೇ ಇತ್ತು. ಇವತ್ತಿಗೂ ಚೆನ್ನಾಗೇ ಇದೆ."

ಎದುರಿನ ತೆಳು ಕೂದಲಿನ ತಲೆ ಅಲುಗಲಿಲ್ಲ. ಅವರ ಮುಖ ಕಾಣುವಂತಿದ್ದರೆ ಇದನ್ನು ಹೇಳಲಾಗುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು; ಈಗ ಆ ಮುಖ ಹೇಗಾಗಿದೆ ಎಂದು ನೋಡಲು ಜೀವ ಹಾತೊರೆಯುತ್ತಿತ್ತು. ಕೈಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ಯಾವುದೋ ಶಾಲೆಯ ಕಾಂಪೌಂಡು ಗೋಡೆ ಉದ್ದಕ್ಕೆ ಹಿಂದೆ ಹೋಯಿತು.

"ಗಾಡಿ ನಿಲ್ಸು" ಎಂದರು ಡಾಕ್ಟರಮ್ಮ.

ಮರಿ ನಿಲ್ಲಿಸಿದಳು. ಡಾಕ್ಟರಮ್ಮ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಏಳಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಅವನು ಹಿಂದೆ, ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು, ಅವರು ತನ್ನಿಂದ ದೂರ ಹೋಗಲು ಹೆಣಗುವುದನ್ನು ನೋಡುತ್ತ ಕೂತಿರಬೇಕಾಯಿತು. ಅವನಿಗೆ ಇಳಿದು ಓಡಿಹೋಗಲೂ ಬಾಗಿಲಿರಲಿಲ್ಲ. ಕಡೆಗೆ ಮರಿ ಇಳಿದು ತನ್ನ ಸೀಟು ಬಾಗಿಸಿದಳು. ಸೀಟು ತನ್ನ ಗತ್ತಿನಲ್ಲೇ ಮೆಲ್ಲಗೆ ಸರಿಯಿತು. ಅವನು ತೆವಳಿ ಹೊರಬಿದ್ದು, ಬರಿಗಾಲಲ್ಲೇ ಸುತ್ತಿ ಬಂದು, ಡಾಕ್ಟರಮ್ಮನ ಮುಂದೆ ಬಾಗಿ ಕೈ ಚಾಚಿದ. ಅವರು ಆ ಕೈಯನ್ನು ನೋಡಿದರು. ಮರಿಯ ಕಡೆ ನೋಡಿದರು. ಬೇರೆ ದಾರಿಯಿರಲಿಲ್ಲ, ಹಿಡಿದುಕೊಂಡು ಎದ್ದರು. ಎದ್ದ ಮೇಲೆ ಒರಗೋಣವೆಂದರೆ ಆ ಗಾಡಿ ಅವರ ಸೊಂಟಕ್ಕಿಂತ ಸ್ವಲ್ಪವೇ ಎತ್ತರ. ಹಾಗಾಗಿ ಹಿಡಿದ ಕೈ ಬಿಡಲೂ ಆಗಲಿಲ್ಲ. ಗೋಡೆಯಾಚೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಆ ಹೆಂಗಸಿಗೆ ನಾನು ಏನು ಹೇಳ್ದೆ ಗೊತ್ತಾ?" ಎಂದರು. "ನಮ್ಮ ಗಾಡಿ ಕೆಟ್ಟೋಯ್ತಮ್ಮ ಅಂದೆ. ಅವಳೇ ನನಗೆ ಸಮಾಧಾನ ಮಾಡಿದ್ಲು. ಗಾಡಿ ಕೆಟ್ರೆ ನೀವೇನ್ ಮಾಡೋಕಾಗತ್ತೆ ಅಂದ್ಲು."

"ಕೇಳಿಸ್ಕೊಂಡಿದ್ದೆ ಅಮ್ಮ. ಬಾಗಿಲ ಹೊರಗೇ ನಿಂತಿದ್ದೆ."

"ತಿರುಗ್ಸಿದ್ರೆ ದಾಟ್ತಿತ್ತಾ?"

"ಗೊತ್ತಿಲ್ಲ. ದಾಟ್ತಿತ್ತೇನೋ. ಇಬ್ರೂ ಕೊಚ್ಕೊಂಡು ಹೋಗ್ತಿದ್ವೇನೋ. ಅದೇ ಅಮ್ಮ, ಅದೇ ಗೊತ್ತಾಗಲ್ಲ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ದನಿ ಏರಿಸದೆ, ರೋಗಿಗೆ ರೋಗದ ಹೆಸರು ಹೇಳುವ ದನಿಯಲ್ಲಿ ಹೇಳಿದರು: "ಹೆದರಿಕೆ ಆಗ್ತಿದೆ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಬೇಡ ಅಂತ ನಾನೇ ಹೇಳ್ತಿದ್ದೆನೋ ಏನೋ. ಇಲ್ಲಾ ಹಗ್ಗ ಕಟ್ಟೋಣ, ಯಾರನ್ನಾದ್ರೂ ಕರೆಯೋಣ ಅಂತಿದ್ದೆನೋ. ಏನೋ ಒಂದು ಯೋಚ್ನೆ ನಾನು ಮಾಡ್ತಿದ್ದೆ. ಅದನ್ನ ನೀನು ನನ್ನ ಕೈಯಿಂದ ಕಿತ್ಕೊಂಡೆ. ಹತ್ತೊಂಬತ್ತು ವರ್ಷ ಒಂದು ಮೂಕ ಗಾಡೀನ ನನ್ನ ಹತ್ರ ಬೈಸ್ದೆ."

ಅವನು ತಲೆ ತಗ್ಗಿಸಿದ. ಕಾಲ ಕೆಳಗೆ ಟಾರು ಸುಡುತ್ತಿತ್ತು.

"ಅಮ್ಮ, ಬಿಸಿಲು. ಕೂತ್ಕೋ" ಎಂದಳು ಮರಿ. ಆಮೇಲೆ ಅವನ ಕಡೆ ನೋಡದೆ, "ನೀವು ಹಿಂದೆ ಹತ್ಕೊಳ್ಳಿ" ಎಂದಳು. ಅಷ್ಟು ವರ್ಷದಲ್ಲಿ ಅವಳು ಅವನನ್ನು ನೀವು ಅಂದದ್ದು ಅದೇ ಮೊದಲು. ಬಕಲ್ಲು ನೋಡಿದ್ದು, ಚಪ್ಪಲಿ ನೋಡಿದ್ದು, ಥ್ಯಾಂಕ್ಸ್ ಅಂದದ್ದು ಎಲ್ಲ ಸೇರಿದರೂ ಇದರಷ್ಟು ಇರಿದಿರಲಿಲ್ಲ. ಆದರೆ ಇದರಲ್ಲಿ ಅವನಿಗೆ ದೂರಲು ಏನೂ ಇರಲಿಲ್ಲ. ಉಳಿದವೆಲ್ಲ ಅವನು ತಾನಾಗಿ ಹೆಕ್ಕಿಕೊಂಡವು, ಇದೊಂದು ಮಾತ್ರ ಅವನಿಗೆ ಸಲ್ಲಬೇಕಾದದ್ದು.

ಮನೆಯ ಮುಂದೆ ಗುಜರಿಯವರು ಬಂದು ಕಾಯುತ್ತಿದ್ದರು. ಒಬ್ಬ ಆಗಲೇ ಎಮ್ಮೆಯ ಮುಂಭಾಗಕ್ಕೆ ಸರಪಳಿ ಬಿಗಿಯುತ್ತಿದ್ದ. "ಬಿಚ್ಚಪ್ಪ ಅದನ್ನ" ಎಂದರು ಡಾಕ್ಟರಮ್ಮ, ಬಾವಿಯಂಥ ಆ ಸೀಟಿನಿಂದಲೇ. "ಕೊಡಲ್ಲ. ನಿಮಗೆ ತೊಂದ್ರೆ ಆಯ್ತು, ಬೇಜಾರ್ ಮಾಡ್ಕೋಬೇಡಿ." ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಮರಿಯಿಂದ ನರ್ಸಮ್ಮನಿಗೆ ಫೋನು ಮಾಡಿಸಿ ತಾವೇ ಮಾತಾಡಿದರು. "ನಾನು ಹೇಳಿದ್ದು ತಪ್ಪು. ಗಾಡಿ ಗಟ್ಟಿಯಾಗಿದೆ. ನಾಳೆನೇ ಬಂದು ತಗೊಂಡು ಹೋಗಿ." ಏಕೆ ತಪ್ಪು, ಯಾರ ತಪ್ಪು ಎಂದು ಹೇಳಲಿಲ್ಲ. ಫೋನಿಟ್ಟು ಅವನನ್ನು ಕರೆದರು. "ಕೀ ಇಲ್ಲಿಡು. ನಾಳೆಯಿಂದ ಬರೋದು ಬೇಡ. ಬೇಕಾದಾಗ ಹೇಳಿ ಕಳಿಸ್ತೀನಿ." ಅವನು ಎಮ್ಮೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಬೆರಳಿಗೆ ಅಷ್ಟು ವರ್ಷ ಒಗ್ಗಿದ್ದ ಆ ತೂಕ ಹೋದ ಮೇಲೆ ಕೈ ತಾನಾಗಿಯೇ ಸ್ವಲ್ಪ ಮೇಲೆದ್ದ ಹಾಗಾಯಿತು. ಬೆಲ್ಟು ಹಿಂದುಮುಂದಾಗಿರುವುದು ಮನೆ ತಲುಪಿದ ಮೇಲೆ ಹೆಂಡತಿ ತೋರಿಸಿದಾಗಲೇ ಗೊತ್ತಾದದ್ದು. ಅವತ್ತು ಅವಳಿಗೂ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, ಒಳಗೆ ಓದುತ್ತಿದ್ದ ಮಗಳ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದಳು.

ಎರಡು ತಿಂಗಳು ಯಾರೂ ಹೇಳಿ ಕಳಿಸಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮೊದಲೇ ಎದ್ದು ಅಂಗಿ ಹಾಕಿಕೊಂಡು ಎಲ್ಲಿಗೂ ಹೋಗದೆ ಕೂತಿರುತ್ತಿದ್ದ. ಒಂದು ದಿನ ಪೇಟೆ ಬೀದಿಯಲ್ಲಿ ಎಮ್ಮೆ ಕಂಡಿತು. ಕಿಟಕಿಯವರೆಗೆ ಕೆಸರು ಮೆತ್ತಿಕೊಂಡು, ಹಳೆಯ ಗದ್ದಲವೆಲ್ಲ ಹಾಗೇ ಇಟ್ಟುಕೊಂಡು, ಬಸ್ಸನ್ನೇ ಪಕ್ಕಕ್ಕೆ ಸರಿಸುವ ಧಿಮಾಕಿನಲ್ಲಿ ಬರುತ್ತಿತ್ತು. ಒಳಗೆ ನರ್ಸಮ್ಮ, ಹಿಂದೆ ಅಡ್ಡಬೆಂಚಿನ ಮೇಲೆ ಯಾರೋ ಮುದುಕ, ಮೂವರು ಹೆಂಗಸರು, ಒಂದು ಕೂಸು. ಹೊಸ ಡ್ರೈವರು ಗೇರು ಬದಲಾಯಿಸುವಾಗ ಕರಕ್ ಎಂದಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ತರಕಾರಿ ಚೀಲ ಹಿಡಿದು ನೋಡುತ್ತ ನಿಂತ. ಕಣ್ಣು ಒದ್ದೆಯಾದದ್ದು ದುಃಖಕ್ಕೋ ಸಂತೋಷಕ್ಕೋ ತಿಳಿಯಲಿಲ್ಲ. ಕೆಸರು ಮೆತ್ತಿದ ಎಮ್ಮೆಯನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಅದಾದ ಮೇಲೆ ಒಂದು ಸಂಜೆ ಮರಿ ಬಂದಳು. ಅವನ ಓಣಿಯ ಉಬ್ಬು ಅವಳ ಗಾಡಿಗೆ ಆಗದೆಂದು ದೊಡ್ಡ ರಸ್ತೆಯಲ್ಲಿ ಬಿಟ್ಟು ನಡೆದುಕೊಂಡು ಬಂದಿದ್ದಳು. ಹೊಸ್ತಿಲ ಹೊರಗೇ ನಿಂತು ಹೇಳಿದಳು: "ನಾಳೆ ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗ್ಬೇಕು. ನನ್ನ ಗಾಡಿಗೆ ಇಳಿಯಲ್ಲ ಅಂತಾರೆ. ಟ್ಯಾಕ್ಸಿ ಬೇಡ ಅಂತಾರೆ. ಬಸ್ಸಲ್ಲಿ ಹೋಗ್ತಾರಂತೆ. ನಿನ್ನ ಜೊತೆ."

ನಿನ್ನ ಜೊತೆ. ಅವಳು ಅಂದದ್ದೋ, ತಾಯಿ ಅಂದದ್ದನ್ನು ಹಾಗೇ ಒಪ್ಪಿಸಿದ್ದೋ ಎಂದು ಅವನು ಅವಳ ಮುಖ ನೋಡಿದ. ಗೊತ್ತಾಗಲಿಲ್ಲ. "ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿದ.

ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಡಾಕ್ಟರಮ್ಮ ಕಂಬಿ ಹಿಡಿದು, ಅವನ ಭುಜದ ಮೇಲೆ ಭಾರ ಬಿಟ್ಟು, ಹೂಂ ಎಂದು ಹತ್ತಿದರು. ಇಬ್ಬರು ಕೂರುವ ಸೀಟು ಸಿಕ್ಕಿತು. ಅವರು ಕಿಟಕಿಯ ಕಡೆ, ಅವನು ಪಕ್ಕದಲ್ಲಿ. ವಾಕರನ್ನು ಮಡಚಿ ಮೊಣಕಾಲ ನಡುವೆ ಇಟ್ಟುಕೊಂಡ. ಬಹಳ ದಿನದ ಮೇಲೆ ಅವರ ಒಂದು ಕೆನ್ನೆ, ಒಂದು ಕಿವಿ ಕಾಣುತ್ತಿದ್ದವು. ಕೆನ್ನೆ ಸ್ವಲ್ಪ ಇಳಿದಿತ್ತು. ಊರು ದಾಟಿದ ಮೇಲೆ ಬಸ್ಸಿನ ಡ್ರೈವರಿಗೆ ಹುರುಪು ಬಂತು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಲಾರಿ ಬರುತ್ತಿದ್ದರೂ ವೇಗ ತಗ್ಗಿಸಲಿಲ್ಲ. ಅವನ ಬಲಗಾಲು ಬಸ್ಸಿನ ನೆಲವನ್ನು ಗಟ್ಟಿಯಾಗಿ ಒತ್ತಿತು, ಅಲ್ಲಿ ಬ್ರೇಕೇನಾದರೂ ಇದೆಯೋ ಎಂಬಂತೆ. ಲಾರಿ ಕೂದಲೆಳೆಯಲ್ಲಿ ಉಜ್ಜಿಕೊಂಡು ಹೋಯಿತು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದರು ಡಾಕ್ಟರಮ್ಮ, ಕಿಟಕಿಯ ಹೊರಗೆ ನೋಡುತ್ತಲೇ.

"ಇಲ್ಲ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ಹೂಂ ಅಮ್ಮ" ಎಂದ. "ತುಂಬಾ."

ಮುಂದಿನ ತಿರುವು ಬರುತ್ತಿತ್ತು. ಅವರು ಕಿಟಕಿಯ ಸರಳು ಬಿಟ್ಟು, ವಾಕರಿನ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತಮ್ಮ ಕೈಯಿಟ್ಟು ಭದ್ರವಾಗಿ ಹಿಡಿದುಕೊಂಡರು.

"ನಂಗೂ" ಎಂದರು.